ಗುರುವಾರದ ತೂಕ

ಗ್ರಿಮ್ಸ್‌ಬಿಯ ಹಡಗುಕಟ್ಟೆಗೆ ಬೆನ್ನು ಹಾಕಿ ನಿಂತ ನನ್ನ ಅಂಗಡಿ.
ಕೆಳಗೆ ಎಣ್ಣೆ, ಹಿಟ್ಟು, ಹ್ಯಾಡಕ್ ಮೀನು.
ಮೇಲೆ, ಬಾಡಿಗೆಗೆ ಕೊಟ್ಟ ಒಂಟಿ ಕೋಣೆಯಲ್ಲಿ
ಗುರುವಾರ ಗುರುವಾರ ಪ್ರಪಂಚ ಮುಳುಗುತ್ತದೆ.

ಮುಳುಗಿಸುವವರು ಇಬ್ಬರು.
ಬಸ್ ಡಿಪೋದ ಓಸ್ಗರ್ಬಿ, ಕನ್ನಡಕದ ಕಾಲಿಗೆ ಟೇಪು ಸುತ್ತಿದವನು.
ಹಲ್ಲಿನ ಸೆಟ್ಟು ಮಾಡುವ ಲಯನೆಲ್ ಕ್ರಿಬ್,
ಬೆರಳ ತುದಿಯಲ್ಲಿ ಸದಾ ಗುಲಾಬಿ ಮೇಣ.
ಅವನ ವೀರ ವೆಲ್‌ಡ್ರಾತ್:
ಸತ್ತ ಸೂರ್ಯನ ಚಿಪ್ಪನ್ನೇ ಕವಚ ಮಾಡಿ ತೊಟ್ಟವನು,
ಒಮ್ಮೆ ಕೆಮ್ಮಿದರೆ ಮೂರು ಚಂದ್ರ ಬಿರುಕು ಬಿಡುತ್ತವಂತೆ.
ಇವನ ವೀರೆ ಊಮಾಸೆಥ್:
ಹದಿಮೂರು ಕೈ, ಹನ್ನೆರಡರಲ್ಲಿ ಬೆಳಕಿನ ಈಟಿ,
ಹದಿಮೂರನೆಯದು ಬರಿಗೈ.
ಆ ಬರಿಗೈ ಯಾತಕ್ಕೆ ಅನ್ನುವುದೇ
ಹತ್ತೊಂಬತ್ತು ವರ್ಷದ ವ್ಯಾಜ್ಯ.

"ನಿರ್ವಾತದಲ್ಲಿ ಕೆಮ್ಮು ಕೇಳಿಸುವುದಿಲ್ಲ, ಮಹರಾಯ."
"ಕೇಳಿಸಬೇಕಾಗಿಲ್ಲ, ತಾಗಿದರೆ ಸಾಕು."
"ನಿನ್ನವನು ಕತ್ತು ತಿರುಗಿಸುವಷ್ಟರಲ್ಲಿ
ನನ್ನವಳು ಹನ್ನೆರಡು ಈಟಿ ನೆಟ್ಟು
ಮೇಲೆ ಬಟ್ಟೆ ಒಣಹಾಕಿರುತ್ತಾಳೆ."
ಅವನ ಮೊಲಕ್ಕೆ ಮೂರೇ ಕಾಲು,
ಇವನ ಮೊಲಕ್ಕೆ ಕಾಲೇ ಇಲ್ಲ, ಹಾರುತ್ತದೆ.

ಲೆಕ್ಕವೆಲ್ಲ ನನ್ನ ಪೊಟ್ಟಣದ ಕಾಗದದ ಮೇಲೆ:
ಕವಚದ ದಪ್ಪ, ಈಟಿಯ ಶಾಖ, ಗ್ರಹದ ಸೆಳೆತ.
ವಿನೆಗರ್ ಚೆಲ್ಲಿ ಸೊನ್ನೆಯೊಂದು ಕದಡಿ
ವೆಲ್‌ಡ್ರಾತನ ಬಲ ಹತ್ತನೆಯ ಒಂದಾಯಿತು.
ಅದಕ್ಕೊಂದು ವಾರ ಮಾತು ಬಿಟ್ಟರು.

ಒಂದು ರಾತ್ರಿ ಇಬ್ಬರೂ ದಡದಡ ಇಳಿದು ಬಂದರು.
"ಹ್ಯಾಟಿ, ನಿನಗೆ ಇದರ ಗಂಧಗಾಳಿ ಇಲ್ಲ,
ಅದಕ್ಕೇ ನೀನೇ ಪಂಚಾಯ್ತಿ ಹೇಳು."
ಕೈ ಒರೆಸಿಕೊಂಡೆ.
ಹೆಬ್ಬೆರಳುದ್ದದ ಆ ಸೀಸದ ಗೊಂಬೆಗಳನ್ನು
ಒಂದೊಂದಾಗಿ ಮೀನಿನ ತಕ್ಕಡಿಗೆ ಹಾಕಿದೆ.
ಅವಳು ಮೂವತ್ತೊಂದು ಗ್ರಾಂ. ಅವನು ಮೂವತ್ತಾರು.
ಓಸ್ಗರ್ಬಿ ಕುಣಿದ.
ಬುಡ ತಿರುವಿ ನೋಡಿದರೆ
ಪೀಠದಡಿ ಅಂಟಿಸಿದ ಎರಡು ಪೆನ್ಸ್ ನಾಣ್ಯ!
"ಮೋಸ!"
"ಮೋಸ ಅಲ್ಲ, ಗುರುತ್ವ!"
ಕ್ರಿಬ್ ನಕ್ಕ ನಕ್ಕ, ಉಪ್ಪಿನ ಡಬ್ಬಿ ಬೀಳುವಷ್ಟು ನಕ್ಕ.
ಆ ನಗೆಯ ಬಾಲಕ್ಕೆ ಒಂದು ಕೆಮ್ಮಿತ್ತು.
ಚಂದ್ರ ಯಾವುದೂ ಬಿರುಕು ಬಿಡಲಿಲ್ಲ.
ನಾವು ಉಪ್ಪು ಗುಡಿಸುತ್ತಿದ್ದೆವು.

ಫೆಬ್ರವರಿಯಲ್ಲಿ ಕ್ರಿಬ್‌ನನ್ನು ಮಣ್ಣು ಮಾಡಿದ
ಮಾರನೆಯ ದಿನವೂ ಗುರುವಾರವೇ.
ಓಸ್ಗರ್ಬಿ ಬಂದ. ಕಂಕುಳಲ್ಲಿ ಎರಡು ಪೆಟ್ಟಿಗೆ.
ಮೆಟ್ಟಿಲು ಒಬ್ಬನನ್ನೇ ಕಿರುಗುಟ್ಟಿತು.
ನಾನು ಆಲೂಗೆಡ್ಡೆ ಹೆಚ್ಚುತ್ತ ಕಿವಿಗೊಟ್ಟೆ.
ಅಟ್ಟದ ಹಲಗೆಯಿಂದ ಒಂದೇ ದನಿ
ಎರಡು ಗಂಟಲಲ್ಲಿ ಇಳಿಯುತ್ತಿತ್ತು:
ತನ್ನ ಪರ ಅರೆಮನಸ್ಸಿನಲ್ಲಿ, ತೊದಲಿ;
ಕ್ರಿಬ್‌ನ ಪರ ಮಾತ್ರ ಎಂಥ ವಾದ!
ಬದುಕಿದ್ದಾಗ ಕ್ರಿಬ್‌ಗೂ ಹೊಳೆಯದ ವಾದ.

ತಟ್ಟೆ ಹಿಡಿದು ಹತ್ತಿದೆ.
ಬಣ್ಣದ ಚಾಕುವಿನಿಂದ ನಾಣ್ಯ ಕೀಳುತ್ತಿದ್ದ.
"ಈಗ ತೂಗು," ಅಂದ.
"ತಕ್ಕಡಿ ತೊಳೆದಿಟ್ಟಾಯಿತು," ಅಂದೆ.
ಬಟಾಣಿ ಆರುತ್ತಿತ್ತು. ಏನಾದರೂ ಹೇಳಬೇಕಿತ್ತು.
ವೆಲ್‌ಡ್ರಾತನನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದೆ:
"ಈ ಕವಚಕ್ಕೆ ಬಾಗಿಲೆಲ್ಲಿ?
ಇವನಿಗೆ ಉಚ್ಚೆ ಬಂದರೆ ಏನು ಗತಿ?"
ಓಸ್ಗರ್ಬಿಯ ಕಿವಿ ಕೆಂಪಾಯಿತು.
"ಅದು ಯುದ್ಧದ ಪ್ರಶ್ನೆಯಲ್ಲ!"
"ಯಾಕಲ್ಲ? ಈಟಿಯೇ ಬೇಡ.
ನನ್ನವಳು ಒಂದು ಹಗಲು ಸುಮ್ಮನೆ ಕಾದರೆ ಸಾಕು."

ನನ್ನವಳು ಅಂದೆನೆ?
ಅವನು ನನ್ನನ್ನೇ ನೋಡಿದ.
ಟೇಪು ಸುತ್ತಿದ ಕನ್ನಡಕ ಏರಿಸಿಕೊಂಡ,
ತಟ್ಟೆಯಡಿಯ ಕಾಗದ ಎಳೆದ,
ಪೆನ್ಸಿಲಿನ ತುದಿ ನಾಲಗೆಗೆ ಒತ್ತಿ
"ಕೂತುಕೋ," ಅಂದ, "ಮೊದಲು ಹೇಳು,
ಆ ಗ್ರಹದಲ್ಲಿ ಹಗಲು ಎಷ್ಟು ಗಂಟೆ?"